ಹದಿಮೂರು ತೇಪೆಯ ಕೌದಿ

ಕುರುಗೋಡು
3 ಆಗಸ್ಟ್ 2025

ಶೀಲಾ,

ನೀನು ಆರಾಮಿದ್ದೀ ಎಂದು ಬಸ್ಸಿನ ಓಬಣ್ಣ ಹೇಳಿದ. ಹೇಳಿದ ಅಂದರೆ ಬಸ್ಸಿನ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿ ತೋರಿಸಿದ. ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ನನಗೆ ಕೇಳುವ ಹಾಗಾದಮೇಲೆ ಊರಿನವರೆಲ್ಲ ನನ್ನ ಜೊತೆ ಕೈಯಲ್ಲೇ ಮಾತಾಡುತ್ತಾರೆ. ಫೋನು ನನ್ನ ಪಾಲಿಗೆ ಸತ್ತಹಾಗೆ. ಅದರಲ್ಲಿ ಬರೆದು ಕಳಿಸು ಎನ್ನುತ್ತಾರೆ. ಸೂಜಿಯ ಕಣ್ಣು ಕಾಣುವ ನನಗೆ ಫೋನಿನ ಅಕ್ಷರ ಕಾಣುವುದಿಲ್ಲ, ಏನು ಮಾಯೆಯೋ. ಆದ್ದರಿಂದ ಗಂಟಿನೊಳಗೆ ಈ ಕಾಗದ ಇಟ್ಟಿದ್ದೇನೆ. ನೀನೂ ಹಾಗೇ ಓಬಣ್ಣನ ಕೈಯಲ್ಲಿ ಬರೆದು ಕಳಿಸು.

ಗಂಟಿನಲ್ಲಿ ನಾಲ್ಕು ಕೌದಿ ಇವೆ. ನಿನ್ನ ಹಂಪಿ ಕಡೆಯ ಹೋಟೆಲಿನ ಮೇಡಂ ಕೇಳಿದ್ದು ಆರು. ಇನ್ನೆರಡು ಗೌರಿ ಹಬ್ಬದೊಳಗೆ ಮುಗಿಯುತ್ತವೆ. ಮುಗಿಯಬೇಕಿತ್ತು ಈಗಲೇ. ಆದರೆ ಜ್ಯೋತಿಲಕ್ಷ್ಮಿ ಮಾತಾಡುತ್ತಾ ಮಾತಾಡುತ್ತಾ ಎರಡು ಸಾಲು ಸೊಟ್ಟ ಹೊಲಿದಳು. ನಾನು ಬಿಚ್ಚಿದೆ. ಅವಳು ಮುಖ ಊದಿಸಿಕೊಂಡು ಎರಡು ದಿನ ಬರಲಿಲ್ಲ. ನಮ್ಮ ಜೊತೆ ಹೊಲಿಯುವ ಊರಮ್ಮ ಬಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: "ಯವ್ವಾ, ಹಾಸಿಗಿ ಮ್ಯಾಲ ಮಕ್ಕೊಂಡವ್ರು ಸಾಲು ಎಣಸ್ತಾರೇನು? ಬಿಡಬಾರದಾ?" ನಾನು ಬಿಡುವವಳಲ್ಲ ಎಂದು ನಿನಗೆ ಗೊತ್ತು. ನೀನು ಹನ್ನೆರಡು ವರ್ಷದವಳಿದ್ದಾಗ ಹೊಲಿದ ದಿಂಬಿನ ಚೀಲವನ್ನು ನಾನು ಮೂರು ಸಲ ಬಿಚ್ಚಿದ್ದಕ್ಕೇ ನೀನು ಸೂಜಿ ಬಿಸಾಕಿ ಮಿಷಿನ್ ಕಲಿಯಲು ಹೋದದ್ದು. ಆ ಮಿಷಿನ್ನೇ ಈಗ ಬ್ರೂಸ್‌ಪೇಟೆಯಲ್ಲಿ ನಿನಗೆ ಅಂಗಡಿ ಹಾಕಿಕೊಟ್ಟಿದೆ. ಹಾಗೆ ನೋಡಿದರೆ ನೀನು ನನಗೆ ಥ್ಯಾಂಕ್ಸ್ ಹೇಳಬೇಕು.

ಈಗ ಮುಖ್ಯ ಮಾತು. ಮೇಡಂಗೆ ಮಾದರಿ ತೋರಿಸಬೇಕು ಎಂದು ಯುಗಾದಿಗೆ ಬಂದಾಗ ನೀನು ಅವ್ವನ ಕೌದಿ ಒಯ್ದೆ. ನಾಲ್ಕು ತಿಂಗಳಾಯಿತು. ಮಾದರಿ ನೋಡಿ ಆಯಿತಲ್ಲ, ವಾಪಸ್ ಕಳಿಸು. ಸಿರುಗುಪ್ಪದಲ್ಲಿ ನನ್ನ ಮಗಳು ಶಶಿರೇಖಾಳ ಮನೆಯಲ್ಲಿ ನನ್ನ ಮೊಮ್ಮಗಳು ಅಕ್ಷತಾಳ ಬಾಣಂತನ. ನವೆಂಬರ್ ಕೊನೆಗೆ ದಿನ ಹೇಳಿದ್ದಾರೆ. ನಮ್ಮ ಮನೆಯ ಕೂಸು ಮೊದಲು ಮಲಗುವುದು ಆ ಕೌದಿಯ ಮೇಲೆ. ಇದನ್ನು ನಿನಗೆ ಬರೆದು ತಿಳಿಸಬೇಕೇ?

ನಿನ್ನ ಅಕ್ಕ,
ಪಾರಮ್ಮ


ಬಳ್ಳಾರಿ
19 ಆಗಸ್ಟ್ 2025

ಅಕ್ಕ,

ನಾಲ್ಕೂ ಕೌದಿ ಮುಟ್ಟಿಸಿದೆ. ಮೇಡಂ ಮೊದಲು ಎರಡು ಕೈ ಜೋಡಿಸಿ "ಎಷ್ಟು ಚೆಂದ, ಎಷ್ಟು ಚೆಂದ" ಎಂದರು. ಆಮೇಲೆ ಕೈಯಾಡಿಸುತ್ತಾ ಮೂಲೆಗೆ ಬಂದರು. ಅಲ್ಲಿ ನಿಂತರು.

"ಶೀಲಾ ಅವರೇ, ಏನಿದು ಗಟ್ಟಿ?"

ರೊಟ್ಟಿ ಅಂದೆ. ಅವರಿಗೆ ಕೇಳಿಸಲಿಲ್ಲ ಅಂದುಕೊಂಡು ಇನ್ನೊಮ್ಮೆ ಅಂದೆ. ಕೇಳಿಸಿತ್ತು. ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ಜೋಳದ ರೊಟ್ಟಿ ಇಟ್ಟು ಹೊಲಿಯುತ್ತಾರೆ, ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅವ್ವ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಅವರ ಜೊತೆಗಿದ್ದ ಹುಡುಗಿ ಅದನ್ನು ನಗುತ್ತಾ ಬರೆದುಕೊಂಡಳು. ಮೇಡಂ ನಗಲಿಲ್ಲ. ಅದಾದ ಮೇಲೆ, ಹೋದ ವಾರ, ರೂಮಿನಲ್ಲಿ ಹಾಸಿದ ಒಂದು ಕೌದಿಗೆ ಇರುವೆ ಮುತ್ತಿದವಂತೆ. ರೂಮಿನಲ್ಲಿದ್ದ ವಿದೇಶದವರು ಮೂಲೆ ಕತ್ತರಿಸಿ ನೋಡಿ, ಅದರೊಳಗಿನ ಕಪ್ಪು ಚೂರು ಕಂಡು ಏನೋ ಪ್ರಾಣಿ ಸತ್ತಿದೆ ಎಂದು ಕೂಗಾಡಿದರಂತೆ. ಉಳಿದ ಎರಡರಲ್ಲಿ ರೊಟ್ಟಿ ಬೇಡ, ಬಣ್ಣವೂ ನೀಲಿ ಬಿಳಿ ಎರಡೇ ಇರಲಿ, ಹಳೇ ಸೀರೆ ಬೇಡ, ಹೊಸ ಬಟ್ಟೆ ತಾವೇ ಕೊಡುತ್ತೇವೆ ಎಂದಿದ್ದಾರೆ.

ಅವ್ವನ ಕೌದಿ ಮೇಡಂ ಹತ್ತಿರವೇ ಇದೆ. ಅವರು ಅದರ ಫೋಟೋ ತೆಗೆಸಬೇಕಂತೆ. ಕೇಳುತ್ತೇನೆ.

ಶೀಲಾ


ಕುರುಗೋಡು
24 ಆಗಸ್ಟ್ 2025

ಶೀಲಾ,

ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿದೆ. ಪ್ರಾಣಿ ಸತ್ತಿದೆ ಎಂಬಲ್ಲಿಗೆ ಬಂದಾಗ ಊರಮ್ಮ ನಕ್ಕು ನಕ್ಕು ಸೂಜಿ ಕಳೆದಳು. ಅರ್ಧ ತಾಸು ಎಲ್ಲರೂ ಸೀರೆ ಜಾಡಿಸಿ ಸೂಜಿ ಹುಡುಕಿದೆವು. ಆಮೇಲೆ ನನಗೆ ಸಿಟ್ಟು ಬಂತು.

ಹೊಸ ಬಟ್ಟೆಯಲ್ಲಿ ಕೌದಿ ಹೊಲಿಯುವುದು ಹೇಗೆ? ಹೊಸ ಬಟ್ಟೆಯ ಗಂಜಿ ಸೂಜಿಯನ್ನೇ ಒಳಗೆ ಬಿಡುವುದಿಲ್ಲ. ನೂರು ಸಲ ಒಗೆದು, ಉಟ್ಟು, ಬೆವರು ಕುಡಿದು ಮೆತ್ತಗಾದ ಸೀರೆಯೇ ಬೇಕು. ಅವ್ವನಿಗೆ ಕಲಿಸಿದ ಗೊಂದಲಿಗರ ಅಜ್ಜಿ ನಮ್ಮ ಅಂಗಳದಲ್ಲಿ ಕೂತು ಹೊಲಿಯುವಾಗ ಸೀರೆಯನ್ನು ಮೊದಲು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. "ಇದು ಇನ್ನಾ ಬಿರುಸು ಐತಿ, ಒಂದು ವರ್ಸ ಉಟ್ಟು ಕೊಡು" ಎಂದು ವಾಪಸ್ ಕೊಟ್ಟದ್ದು ನಾನು ಕಂಡಿದ್ದೇನೆ. ಮೇಡಂಗೆ ಹೇಳು: ಹೊಸ ಬಟ್ಟೆ ಕೊಡುವುದಾದರೆ ಒಂದು ವರ್ಷ ಅವರೇ ಉಟ್ಟು ಕೊಡಲಿ.

ರೊಟ್ಟಿ ಇಲ್ಲದೆ ನಾನು ಮೂಲೆ ಮುಚ್ಚುವುದಿಲ್ಲ. ಆ ಎರಡು ಕೌದಿ ಅವರಿಗೆ ಬೇಡವಾದರೆ ಬೇಡ. ಜ್ಯೋತಿಲಕ್ಷ್ಮಿಯ ಮಗಳಿಗೆ ಮದುವೆ ಗೊತ್ತಾಗಿದೆ, ಅಲ್ಲಿಗೆ ಹೋಗುತ್ತವೆ.

ಅವ್ವನ ಕೌದಿಯ ಫೋಟೋ ಒಂದು ದಿನದ ಕೆಲಸ. ಅದನ್ನು ಅವರು ಎಲ್ಲಾದರೂ ಒಗೆಯಲು ಹಾಕಿಯಾರು. ನನಗೆ ಹೆದರಿಕೆ. ಅದರ ತೇಪೆ ಒಂದೊಂದೂ ನನಗೆ ಬಾಯಿಪಾಠ. ಕೂಸನ್ನು ಮೊದಲು ಸುತ್ತಿದ ಬಟ್ಟೆಯಿಂದ ಒಂದು ಅಂಗೈ ಅಗಲ ಕತ್ತರಿಸಿ, ಆ ಕೂಸು ಮಲಗಿ ಎದ್ದಮೇಲೆ ಅದರ ಮೇಲೆ ಹೊಲಿಯುವುದು. ನಡುವಿನ ಹಸಿರು ನಂದು. ಅದರ ಪಕ್ಕದ ಚೌಕಡಿ ನಿಂದು. ಶಶಿಯದು ಕೆಂಪು. ಅಕ್ಷತಾಳದು ಹಳದಿ, ಅಂಚಿನ ಹತ್ತಿರ. ಒಟ್ಟು ಹದಿಮೂರು. ಹದಿಮೂರು ಕೂಸು ಮಲಗಿದ ಹಾಸಿಗೆ ಹೋಟೆಲಿನಲ್ಲಿ ಯಾಕಿರಬೇಕು? ಮುಂದಿನ ಸಲ ಓಬಣ್ಣ ಖಾಲಿ ಕೈಯಲ್ಲಿ ಬರಬಾರದು.

ಪಾರಮ್ಮ


ಬಳ್ಳಾರಿ
21 ಸೆಪ್ಟೆಂಬರ್ 2025

ಅಕ್ಕ,

ಮೇಡಂ ಊರಲ್ಲಿಲ್ಲ. ಕೌದಿಯನ್ನು ಯಾವುದೋ ಪ್ರದರ್ಶನಕ್ಕೆ ಬೆಂಗಳೂರಿಗೆ ಒಯ್ದಿದ್ದಾರೆ. ದಸರಾ ಕಳೆದ ಮೇಲೆ ಬರುತ್ತಾರೆ.

ಹದಿಮೂರು ಎಂದು ಬರೆದಿದ್ದೀ. ಎಣಿಸಿದ್ದೀಯಲ್ಲ. ಸರಿ.

ಅಕ್ಷತಾಳ ಸೀಮಂತದ ಕುಬಸಕ್ಕೆ ಬರಲು ಆಗುವುದಿಲ್ಲ. ಹಬ್ಬದ ಸಮಯ, ಫಾಲ್ ಹೊಲಿಯುವ ಸೀರೆಗಳು ಮಂಚದಷ್ಟು ಎತ್ತರ ಬಿದ್ದಿವೆ. ಅವಳಿಗೆ ಹಸಿರು ಬಳೆ ಕಳಿಸಿದ್ದೇನೆ.

ಶೀಲಾ


ಕುರುಗೋಡು
12 ಅಕ್ಟೋಬರ್ 2025

ಶೀಲಾ,

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನೇ ಓದಿಕೋ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಓಬಣ್ಣನನ್ನು ಹಿಡಿದೆ. "ಏನಪಾ, ಈ ಸಲಾನೂ ಕೌದಿ ಇಲ್ಲೇನು?" ಎಂದೆ. ಅವನು ಕೈಯಲ್ಲಿ ಏನೇನೋ ತೋರಿಸಿದ. ನನಗೆ ತಿಳಿಯಲಿಲ್ಲ. ಕೊನೆಗೆ ನನ್ನ ಕಿವಿಗೆ ಬಾಯಿ ಕೊಟ್ಟು, ಸತ್ತವರು ಏಳುವ ಹಾಗೆ ಕೂಗಿದ:

"ದೊಡ್ಡವ್ವಾ! ಹಳೇ ಕೌದಿ ಅಲ್ಲೇನು? ತ್ಯಾಪಿ ತ್ಯಾಪಿ ಇರೋದು? ಅದು ಶೀಲಕ್ಕನ ಮನ್ಯಾಗ ಐತಿ! ಮಂಚದ ಮ್ಯಾಲ! ನಾ ಗಂಟು ಇಡಾಕ ಹ್ವಾದಾಗೆಲ್ಲ ನೋಡ್ತೀನಿ!"

ಬಸ್ಸಿನ ಕಿಟಕಿಗಳಿಂದ ಎಲ್ಲರ ತಲೆ ಹೊರಗೆ ಬಂದವು. ಸೊಪ್ಪಿನ ಬುಟ್ಟಿಯ ಮುದುಕಿಯೊಬ್ಬಳು, "ಯಾವಾಗಿಂದ ಐತಪಾ?" ಎಂದು ನನ್ನ ಪರವಾಗಿ ಕೇಳಿದಳಂತೆ. ಅದನ್ನು ಓಬಣ್ಣ ಬೆರಳಲ್ಲಿ ತೋರಿಸಿದ. ಆರು ಬೆರಳು. ಆರು ತಿಂಗಳು.

ನನಗೆ ಇಡೀ ಸಂತೆಯ ಮುಂದೆ ನಿಂತ ಹಾಗಾಯಿತು. ನೀನು ಫೋಟೋ ಎಂದೆ, ಬೆಂಗಳೂರು ಎಂದೆ, ದಸರಾ ಎಂದೆ. ಒಂದೊಂದು ಕಾಗದಕ್ಕೆ ಒಂದೊಂದು ಸುಳ್ಳು. ನಾನು ಇಲ್ಲಿ ಕೂತು, ಹೋಟೆಲಿನವರು ಒಗೆದರೋ ಹರಿದರೋ ಎಂದು ಊಟ ಬಿಟ್ಟಿದ್ದೇನೆ. ಮೇಡಂ ಹೆಸರು ಹಿಡಿದು ಶಾಪ ಹಾಕಿದ್ದೇನೆ. ಪಾಪ, ಆಕೆ ಕೌದಿಯನ್ನು ಯಾವಾಗಲೋ ವಾಪಸ್ ಕೊಟ್ಟಿದ್ದಾಳೆ.

ನಿನಗೆ ಅದು ಯಾಕೆ ಬೇಕು? ನಿನಗೆ ಹೊದಿಯಲು ಇಲ್ಲವೇ? ಕೇಳಿದ್ದರೆ ಎರಡು ಹೊಲಿದು ಕಳಿಸುತ್ತಿದ್ದೆ. ನಿನ್ನ ಮನೆಯಲ್ಲಿ ಅದರ ಮೇಲೆ ಮಲಗುವ ಕೂಸು ಯಾವುದಿದೆ?

ಸೋಮವಾರ ಬಂದು ನಾನೇ ಒಯ್ಯುತ್ತೇನೆ. ಕೊಡುವುದಿಲ್ಲ ಎಂದರೆ ನಿನ್ನ ಅಂಗಡಿಯ ಮುಂದೆ ಕೂತು ಕೂಗುತ್ತೇನೆ. ಕಿವುಡಿಗೆ ತನ್ನ ದನಿ ಎಷ್ಟು ಜೋರು ಎಂದು ಗೊತ್ತಾಗುವುದಿಲ್ಲ.

ಪಾರಮ್ಮ


ಬಳ್ಳಾರಿ
16 ಅಕ್ಟೋಬರ್ 2025

ಅಕ್ಕ,

ಸೋಮವಾರ ನೀನು ಬರಲಿಲ್ಲ. ಬಾಗಿಲ ಕಡೆ ನೋಡುತ್ತಾ ಇಡೀ ದಿನ ಮಿಷಿನ್ ತುಳಿದೆ. ಬಂದಿದ್ದರೆ ಒಳ್ಳೆಯದಿತ್ತು. ಎದುರಿಗೆ ಆಡಿದ್ದನ್ನು ನೀನು ಕೇಳಿಸಿಕೊಳ್ಳುತ್ತಿರಲಿಲ್ಲ, ನಾನು ಆಡಿದ ಹಾಗೂ ಆಗುತ್ತಿತ್ತು.

ಹೌದು, ಸುಳ್ಳು ಹೇಳಿದೆ. ಮೇಡಂ ಎಂಟೇ ದಿನಕ್ಕೆ ಕೌದಿ ವಾಪಸ್ ಕೊಟ್ಟರು. ಮಾರನೇ ದಿನವೇ ಓಬಣ್ಣನ ಕೈಯಲ್ಲಿ ಕಳಿಸಬೇಕೆಂದು ಮಡಚಿದೆ. ಮಡಚುವಾಗ ಅಕ್ಷತಾಳ ಹಳದಿ ತೇಪೆ ಮೇಲೆ ಬಂತು. ಬಿಚ್ಚಿ ಹಾಸಿದೆ. ಅಷ್ಟೇ ಆದದ್ದು.

ನಿನ್ನ ಮನೆಯಲ್ಲಿ ಮಲಗುವ ಕೂಸು ಯಾವುದು ಎಂದು ಕೇಳಿದ್ದೀ. ನೀನು ಸಿಟ್ಟಿನಲ್ಲಿ ಬರೆದದ್ದು, ಅದು ಗೊತ್ತು. ಆದರೆ ಬರೆದೆ. ಹಾಗಾಗಿ ನಾನೂ ಬರೆಯುತ್ತೇನೆ.

ಎರಡು ಸಾವಿರದ ಎರಡು, ದೀಪಾವಳಿ ಕಳೆದ ಮೂರನೇ ದಿನ ಸಿರುಗುಪ್ಪದಲ್ಲಿ ಅಕ್ಷತಾ ಹುಟ್ಟಿದಳು. ಅದಾದ ನಾಲ್ಕನೇ ದಿನ ಬಳ್ಳಾರಿ ಆಸ್ಪತ್ರೆಯಲ್ಲಿ ನನ್ನ ಮಗ ಹುಟ್ಟಿದ. ಮದುವೆಯಾಗಿ ಎಂಟು ವರ್ಷಕ್ಕೆ. ನೀನು ನೋಡಲು ಬಂದೆ. ಕೈಯಲ್ಲಿ ಬೆಲ್ಲ, ಒಣಕೊಬ್ಬರಿ ಇತ್ತು. ಕೌದಿ ಎಲ್ಲಿ ಎಂದು ಕೇಳಿದೆ. ನೀನು ಏನು ಹೇಳಿದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. "ಅದು ಶಶಿ ಕೂಸಿನ ಕೆಳಗ ಐತಿ. ಹತ್ತು ದಿನ ತಡಿ, ನಿನ್ನ ಮಗನಿಗೆ ಹೆಸರಿಡೋದ್ರೊಳಗ ಕಳಸ್ತೀನಿ."

ಹನ್ನೊಂದನೇ ದಿನ ಹೆಸರಿಡಬೇಕು ಎಂದಿದ್ದರು. ಅವನು ಒಂಬತ್ತು ದಿನ ಇದ್ದ.

ಕೌದಿಯಿಂದ ಹೋದ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಡಾಕ್ಟರು ಎದೆಯ ಕವಾಟ ಎಂದರು. ನಾನು ಅಷ್ಟು ಹುಚ್ಚಿಯಲ್ಲ. ಆದರೆ ನೀನು ಹಬ್ಬಕ್ಕೊಮ್ಮೆ ಕೌದಿ ಬಿಸಿಲಿಗೆ ಹಾಕಿ, ತೇಪೆ ಮುಟ್ಟಿ ಮುಟ್ಟಿ ಎಲ್ಲರ ಹೆಸರು ಹೇಳುತ್ತೀ. ಇಪ್ಪತ್ಮೂರು ವರ್ಷದಿಂದ ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಹದಿಮೂರಕ್ಕೆ ನಿಲ್ಲಿಸುತ್ತೀ. ಕೌದಿಯ ಮೇಲೆ ಮಲಗಿದ ಕೂಸಿಗೆ ಮಾತ್ರ ತೇಪೆ. ಹೌದು, ನಿಯಮ. ಅವನು ಮಲಗಲಿಲ್ಲ. ಯಾಕೆ ಮಲಗಲಿಲ್ಲ ಎಂದು ಒಮ್ಮೆಯಾದರೂ ಹೇಳುತ್ತೀಯೇನೋ ಎಂದು ಕಾದೆ.

ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅಕ್ಷತಾ ಏನು ತಪ್ಪು ಮಾಡಿದ್ದಾಳೆ. ಆದರೆ ಮಡಚಲು ಕೈ ಬರುತ್ತಿಲ್ಲ.

ಶೀಲಾ


ಕುರುಗೋಡು
2 ನವೆಂಬರ್ 2025

ಶೀಲಾ,

ನಿನ್ನ ಕಾಗದ ಮುಟ್ಟಿತು. ಇದನ್ನು ಕಟ್ಟೆಯ ಮೇಲೆ ಓದಲಿಲ್ಲ. ಉತ್ತರ ಎಲ್ಲಿ ಎಂದು ಓಬಣ್ಣ ಎರಡು ಸಲ ಕೈ ಚಾಚಿದ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನಾಲ್ಕು ಸಲ ಬರೆಯಲು ಕೂತು ಹರಿದು ಒಲೆಗೆ ಹಾಕಿದ್ದೇನೆ.

ಶಶಿ ನನ್ನ ಮಗಳು. ಅಕ್ಷತಾ ನನ್ನ ಮೊದಲ ಮೊಮ್ಮಗಳು. ಎರಡು ಕೂಸು, ಒಂದು ಕೌದಿ. ನಾನು ನನ್ನ ಮಗಳ ಕಡೆ ನೋಡಿದೆ. ಇದಕ್ಕಿಂತ ದೊಡ್ಡ ಕಾರಣ ಯಾವುದಾದರೂ ಇದ್ದೀತು ಎಂದು ಈ ಹದಿನೈದು ದಿನ ಹುಡುಕಿದೆ. ಇಲ್ಲ. ಸಿರುಗುಪ್ಪಕ್ಕೂ ಬಳ್ಳಾರಿಗೂ ಬಸ್ಸಿತ್ತು. ಐದು ದಿನ ಅಲ್ಲಿ, ಐದು ದಿನ ಇಲ್ಲಿ ಇಡಬಹುದಿತ್ತು. ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದರೂ ಏಳಲಿಲ್ಲವೋ, ಈಗ ನನಗೇ ತಿಳಿಯದು.

ಎಣಿಸುವಾಗ ಹದಿಮೂರಕ್ಕೆ ಬಂದು ನನ್ನ ನಾಲಿಗೆ ಪ್ರತಿ ಸಲ ತಡೆಯುತ್ತಿತ್ತು. ನೀನು ಪಕ್ಕದಲ್ಲಿ ನಿಂತಿರುತ್ತಿದ್ದೆ. ನೀನು ಮರೆತಿದ್ದೀ ಎಂದು ನಾನು ಅಂದುಕೊಂಡೆ. ಅಂದುಕೊಂಡರೆ ನನಗೆ ಅನುಕೂಲ.

ಆದರೂ ಸಿಟ್ಟು ಹೋಗಿಲ್ಲ. ಇಪ್ಪತ್ಮೂರು ವರ್ಷ ಬಾಯಿಬಿಟ್ಟು ಒಂದು ಮಾತು ಕೇಳದೆ, ಕೊನೆಗೆ ಹೋಟೆಲಿನವರ ಹೆಸರಿನಲ್ಲಿ ಕೌದಿ ಬಚ್ಚಿಟ್ಟೆಯಲ್ಲ. ಕಿವಿ ಇದ್ದಾಗ ಬೈದಿದ್ದರೆ ಕೇಳಿಸಿಕೊಂಡು ನಾನೂ ನಾಲ್ಕು ಬೈದು ಮುಗಿಸುತ್ತಿದ್ದೆ.

ಕೌದಿ ನಿನ್ನ ಹತ್ತಿರ ಇರಲಿ. ಅಕ್ಷತಾಳಿಗೆ ನಾನು ಬೇರೆ ಹೊಲಿಯುತ್ತಿದ್ದೇನೆ. ಊರಮ್ಮ, ಜ್ಯೋತಿಲಕ್ಷ್ಮಿ ಬರುತ್ತೇವೆ ಎಂದರು. ಬೇಡ ಎಂದೆ. ಒಬ್ಬಳೇ ಕೂತಿದ್ದೇನೆ. ನಿನ್ನೆ ಹೊಲಿದ ಸಾಲುಗಳನ್ನು ಇವತ್ತು ನೋಡಿದರೆ ನಾನೇ ಸೊಟ್ಟ ಹೊಲಿದಿದ್ದೇನೆ. ಬಿಚ್ಚುತ್ತಿದ್ದೇನೆ.

ಪಾರಮ್ಮ


ಬಳ್ಳಾರಿ
23 ನವೆಂಬರ್ 2025

ಅಕ್ಕ,

ಓಬಣ್ಣ ಈ ಗಂಟನ್ನು ಸಿರುಗುಪ್ಪದ ಬಸ್ಸಿನವನಿಗೆ ದಾಟಿಸುತ್ತಾನೆ. ನೀನು ಶಶಿಯ ಮನೆಗೆ ಹೋಗಿದ್ದೀ ಎಂದು ಹೇಳಿದ. ಹೊಸದು ಮುಗಿಯಿತೋ ಬಿಟ್ಟಿತೋ, ಅವ್ವನದನ್ನು ಹಾಸು.

ಗಂಟು ಬಿಚ್ಚಿದ ಕೂಡಲೇ ನಿನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು. ಅಕ್ಷತಾಳ ಹಳದಿಯ ಪಕ್ಕದ ನೀಲಿ. ಆಸ್ಪತ್ರೆಯಲ್ಲಿ ಅವನನ್ನು ಮೊದಲು ಸುತ್ತಿದ್ದು ನನ್ನ ನೀಲಿ ಸೀರೆಯ ಸೆರಗಿನಲ್ಲಿ. ಅದು ಟ್ರಂಕಿನಲ್ಲಿತ್ತು. ಅಂಗೈ ಅಗಲ ಕತ್ತರಿಸಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಹೂಂ ಅನ್ನುತ್ತಿದ್ದೆ, ಆಗ ಅದು ನೀನು ಕೊಟ್ಟ ಹಾಗೆ ಆಗುತ್ತಿತ್ತು.

ಮೊದಲು ಮಿಷಿನ್ನಿನಲ್ಲಿ ಹಾಕಿದೆ. ಎರಡು ನಿಮಿಷದ ಕೆಲಸ. ಅಂಗಡಿಯಲ್ಲಿ ಗಿರಾಕಿ ಸೀರೆಗೆ ಪಿಕೋ ಮಾಡಿದ ಹಾಗೆ ಕಂಡಿತು. ಬಿಚ್ಚಿದೆ. ಆಮೇಲೆ ಸೂಜಿ ಹಿಡಿದೆ. ಅಷ್ಟು ದಪ್ಪದೊಳಗೆ ಸೂಜಿ ಹೋಗುವುದಿಲ್ಲ, ಹೋದರೆ ಬರುವುದಿಲ್ಲ. ಬೆರಳ ತುದಿಗಳೆಲ್ಲ ತೂತು. ಹದಿನೈದು ದಿನ ಹಿಡಿಯಿತು. ಐದು ಸಲ ಬಿಚ್ಚಿದೆ. ಆರನೆಯ ಸಲವೂ ಸೊಟ್ಟವೇ ಬಂತು. ಇವರು ಪಕ್ಕದಲ್ಲಿ ಕೂತು ದಾರ ಪೋಣಿಸಿ ಪೋಣಿಸಿ ಕೊಟ್ಟರು. ಮುಗಿದ ಮೇಲೆ, "ಸಾಕು ಬಿಡು, ಕೂಸಿಗೆ ಸಾಲು ಗೊತ್ತಾಗಂಗಿಲ್ಲ" ಎಂದು ಎದ್ದು ಹೋದರು.

ಹೊಸ ತೇಪೆ ಹಾಕಿದ ಮೇಲೆ ಮೂಲೆಯಲ್ಲಿ ಹೊಸದಾಗಿ ರೊಟ್ಟಿ ಇಡಬೇಕಿತ್ತು. ನಮ್ಮ ಮನೆಯಲ್ಲಿ ಅವತ್ತು ಜೋಳದ ಹಿಟ್ಟಿರಲಿಲ್ಲ. ಬೇಕರಿಯ ಬನ್ ಇತ್ತು. ಅದರ ಒಂದು ಚೂರು ಇಟ್ಟು ಮುಚ್ಚಿದ್ದೇನೆ.

ನೀಲಿ ತೇಪೆ ನಿನ್ನ ಕಣ್ಣಿಗೆ ಚುಚ್ಚಿದರೆ ಬಿಚ್ಚಿ ಸರಿಯಾಗಿ ಹೊಲಿ. ನೀನು ಬಿಡುವವಳಲ್ಲ.

ಶೀಲಾ


ಸಿರುಗುಪ್ಪ
7 ಡಿಸೆಂಬರ್ 2025

ಶೀಲಾ,

ಹೆಣ್ಣು. ಮೂರನೇ ತಾರೀಖು ಬೆಳಗಾಗುವಾಗ. ತಾಯಿ ಮಗು ಇಬ್ಬರೂ ಗಟ್ಟಿ. ಕೂಸು ಅಳುತ್ತಿದೆ ಎಂದು ನನಗೆ ಅದರ ಬಾಯಿ ನೋಡಿ ಗೊತ್ತಾಗುತ್ತದೆ. ಎಲ್ಲರಿಗೂ ನಿದ್ದೆಯಿಲ್ಲ, ನಾನೊಬ್ಬಳೇ ಚೆನ್ನಾಗಿ ಮಲಗುತ್ತಿದ್ದೇನೆ. ಕಿವುಡುತನದಿಂದ ಇದೊಂದು ಲಾಭ.

ಕೌದಿ ಹಾಸಿದ ಎರಡನೇ ದಿನಕ್ಕೆ ಇರುವೆ ಬಂದವು. ಸಾಲುಸಾಲು. ಎಲ್ಲಿಂದ ಎಂದು ಹುಡುಕಿದರೆ ನಿನ್ನ ಮೂಲೆ. ಅವ್ವನ ಕೌದಿಗೆ ಸಿಹಿ ಬನ್ ತಿನ್ನಿಸಿದ್ದೀಯಲ್ಲೇ! ಐವತ್ತೆರಡು ವರ್ಷದ ಹೆಂಗಸಿಗೆ ಇಷ್ಟೂ ತಿಳಿಯಬಾರದೇ? ರೊಟ್ಟಿಯಲ್ಲಿ ಬೆಲ್ಲ ಇರುವುದಿಲ್ಲ, ಉಪ್ಪು ಇರುವುದಿಲ್ಲ, ಒಣಗಿದರೆ ಕಲ್ಲು. ಮೇಡಂನ ಕೌದಿಗೆ ಇರುವೆ ಬಂದಾಗಲೇ ನನಗೆ ಅನುಮಾನ ಬಂದಿತ್ತು. ಇಲ್ಲಿಗೆ ಬರುವ ಮೊದಲು ಜ್ಯೋತಿಲಕ್ಷ್ಮಿಯನ್ನು ಹಿಡಿದು ಕೇಳಿದೆ. ಆವತ್ತು ರೊಟ್ಟಿ ಇರಲಿಲ್ಲ, ಹೋಳಿಗೆ ಚೂರು ಇಟ್ಟೆ ಎಂದು ಈಗ ಬಾಯಿಬಿಟ್ಟಳು. ನಾನು ಯಾರ್ಯಾರನ್ನು ಕಾಯಬೇಕು?

ಕೂಸಿನ ಮೈಮೇಲೆ ಇರುವೆ ಹತ್ತಬಾರದು ಎಂದು ಮೂಲೆ ಬಿಚ್ಚಬೇಕಾಯಿತು. ಕತ್ತರಿ ಹಿಡಿದು ಕೂತೆ. ಶಶಿ ಬಂದು ನೀಲಿ ತೇಪೆಯ ಮೇಲೆ ಬೆರಳಿಟ್ಟು, ನನ್ನ ಕಿವಿಗೆ ಕೂಗಿದಳು: "ಅವ್ವಾ, ಇದು ಎಷ್ಟು ಸೊಟ್ಟ ಹೊಲದೈತಿ ನೋಡು! ಕತ್ರಿ ಹೆಂಗೂ ಕೈಯಾಗ ಐತಿ, ಇದನ್ನೂ ಬಿಚ್ಚಿ ನೆಟ್ಟಗ ಹಾಕು!"

ಅವಳಿಗೆ ಗೊತ್ತಿಲ್ಲ. ಯಾರ ತೇಪೆ ಎಂದು ಆಮೇಲೆ ಹೇಳಿದೆ. ಅಕ್ಷತಾಳಿಗೂ ಹೇಳಿದೆ.

ನಿಜ ಹೇಳುತ್ತೇನೆ, ಆ ಹೊಲಿಗೆ ನೋಡಿದರೆ ನನ್ನ ಕೈ ತುರಿಸುತ್ತದೆ. ಒಂದು ಟಾಕಿ ಇಷ್ಟುದ್ದ, ಇನ್ನೊಂದು ಅಷ್ಟುದ್ದ. ಒಂದು ಮಗ್ಗುಲು ಎಳೆದು ಸುಕ್ಕಾಗಿದೆ. ಎರಡು ಕಡೆ ರಕ್ತದ ಚುಕ್ಕೆ ಇದೆ, ಒಗೆದಿಲ್ಲ ನೀನು. ಇಂಥ ಹೊಲಿಗೆಯನ್ನು ನನ್ನ ಜನ್ಮದಲ್ಲಿ ಯಾರ ಕೈಯಿಂದ ಬಂದರೂ ಬಿಟ್ಟವಳಲ್ಲ. ದಿನಕ್ಕೆ ಹತ್ತು ಸಲ ಕೂಸನ್ನು ಎತ್ತಿ ಹಾಕುವಾಗ ಕಣ್ಣಿಗೆ ಬೀಳುತ್ತದೆ, ಹತ್ತು ಸಲವೂ ಮೈ ಉರಿಯುತ್ತದೆ.

ಮೂಲೆಯ ನಾಲ್ಕು ಟಾಕಿ ಮಾತ್ರ ಬಿಚ್ಚಿದೆ. ಬನ್ ತೆಗೆದು ಹಿತ್ತಲಿಗೆ ಹಾಕಿದೆ, ಇರುವೆಗಳು ಅಲ್ಲಿಗೆ ಹೋದವು. ಬಿಸಿ ರೊಟ್ಟಿ ತಟ್ಟಿ, ಆರಿಸಿ, ಚೂರು ಇಟ್ಟು ಮುಚ್ಚಿದೆ.

ನಿನ್ನೆ ಬಿಸಿಲಿಗೆ ಹಾಕಿದಾಗ ಓಣಿಯ ಹೆಂಗಸರು ಬಂದರು. ತೇಪೆ ಮುಟ್ಟಿ ಮುಟ್ಟಿ ಹೇಳಿದೆ. ಹೆಸರಿಲ್ಲದವನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಶೀಲಾನ ಮಗ ಎಂದೆ. ಹದಿನಾಲ್ಕು.

ಕೂಸನ್ನು ಮೊದಲು ಸುತ್ತಿದ ಬಟ್ಟೆ ತೆಗೆದಿಟ್ಟಿದ್ದೇನೆ. ಗುಲಾಬಿ ಬಣ್ಣದ್ದು, ಮೆತ್ತಗಿದೆ. ಸೂಜಿ ಸುಲಭವಾಗಿ ಹೋಗುತ್ತದೆ. ಹೆಸರಿಡುವುದು ಹದಿನಾಲ್ಕನೇ ತಾರೀಖು. ಅಷ್ಟರೊಳಗೆ ಬಂದು ಅದನ್ನು ನೀನೇ ಹೊಲಿ. ನಾನು ಪಕ್ಕದಲ್ಲಿ ಕೂರುತ್ತೇನೆ. ಬೈಯುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಮತ್ತೆ ಬನ್ ಕಟ್ಟಿಕೊಂಡು ಬರಬೇಡ.

ನಿನ್ನ ಅಕ್ಕ,
ಪಾರಮ್ಮ